ಎರಡೂವರೆ ವರ್ಷದ ಬ್ಯಾಂಡೇಜು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು, ಡಾಕ್ಟರು ಬರೆದ ಕಾಯಿಲೆಗೆ ಕೋಡ್, ಅಂದರೆ ಅದಕ್ಕೆಂದೇ ಇರುವ ಸಂಕೇತ ಸಂಖ್ಯೆ, ಹಾಕುವುದು ನನ್ನ ಕೆಲಸ. ಅವರು ಬರೆಯದ್ದನ್ನು ಸೇರಿಸುವಂತಿಲ್ಲ, ಬರೆದದ್ದನ್ನು ಬಿಡುವಂತಿಲ್ಲ. ಹತ್ತೊಂಬತ್ತು ವರ್ಷದಿಂದ ಇದನ್ನೇ ಹೇಳಿಕೊಂಡು ಮೆರೆದವಳು ನಾನು.

ಆವತ್ತು ಕಿಟಕಿಯ ಹತ್ತಿರ ಶಾಲಾ ವ್ಯಾನಿನ ಡ್ರೈವರೊಬ್ಬ ಅಕ್ಕನ ಜೊತೆ ಬಂದ. ಬೆನ್ನಿನ ಆಪರೇಷನ್ ಆದಮೇಲೆ ಅವನಿಗೆ ಅಫೀಮಿನ ಜಾತಿಯ ನೋವಿನ ಮಾತ್ರೆ ಚಟವಾಗಿ, ಇಲ್ಲೇ ಚಿಕಿತ್ಸೆ ಪಡೆದಿದ್ದ. ಶಾಲೆಯವರು ಕೇಳಿದರೆಂದು ಅವನು ಒಯ್ದು ಕೊಟ್ಟ ನಮ್ಮ ದಾಖಲೆಯಲ್ಲಿ ‘ಈಗಲೂ ಬಳಸುತ್ತಿದ್ದಾರೆ’ ಎಂದಿತ್ತು. ಸಂಜೆಯೊಳಗೆ ಅದು ಸರಿಯಾಗದಿದ್ದರೆ ಶಾಲೆಯವರು ಅವನನ್ನು ಕೆಲಸದಿಂದ ತೆಗೆಯುವವರಿದ್ದರು.

“ಅವ್ನು ಮಾತ್ರೆ ಬಿಟ್ಟು ಎರಡೂವರೆ ವರ್ಷ ಆಯ್ತು ಮೇಡಂ. ನೀವೇ ಒಂಚೂರು ತಿದ್ದಿಬಿಡಿ,” ಅಂದಳು ಅಕ್ಕ.

“ತಿದ್ದಿದ್ರೆ ಅವನ ಜೊತೆ ನಾನೂ ಮನೆಗೆ ಹೋಗ್ಬೇಕಾಗತ್ತೆ ಕಣಮ್ಮ!” ಎಂದು ರೇಗಿದೆ. ರೇಗುತ್ತಲೇ ಫೈಲು ತೆರೆದೆ.

ಅಯ್ಯೋ ದೇವರೇ! ಆರು ಭೇಟಿಯ ಟಿಪ್ಪಣಿಯೂ ಅಕ್ಷರ ಬಿಡದೆ ಒಂದೇ. ಡಾಕ್ಟರು ಮೊದಲನೆಯದನ್ನೇ ನಕಲು ಮಾಡಿ ಅಂಟಿಸುತ್ತ ಬಂದಿದ್ದರು. ಮೊದಲ ದಿನ ಕಾಲಿಗಿದ್ದ ಯಾವುದೋ ಗಾಯಕ್ಕೆ ಬರೆದ ‘ಇಂದು ಎಡಗಾಲಿನ ಬ್ಯಾಂಡೇಜು ಬದಲಾಯಿಸಲಾಯಿತು’ ಎಂಬ ಸಾಲೂ ಆರು ಸಲ ಇತ್ತು. ಮೂತ್ರ ಪರೀಕ್ಷೆಯ ವರದಿಗಳು ಹಿಂದಿನ ಪುಟಗಳಲ್ಲೇ ಬಿದ್ದಿದ್ದವು; ಮೊದಲನೆಯದು ಬಿಟ್ಟರೆ ಒಂದರಲ್ಲೂ ಆ ಮಾತ್ರೆಯ ಸುಳಿವಿಲ್ಲ. ಆರೂ ಸಲ ಕಣ್ಣು ಮುಚ್ಚಿ ಕೋಡ್ ಹಾಕಿದವಳು ನಾನೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಡಾಕ್ಟರಿಗೆ ‘ಹೀಗೇ ಬರೆಯಿರಿ’ ಎನ್ನುವ ಹಾಗಿಲ್ಲ, ಕೇಳಬಹುದು ಅಷ್ಟೆ. ಫೈಲು ಹಿಡಿದು ಅವರ ಕೋಣೆಗೇ ಹೋದೆ.

“ಡಾಕ್ಟ್ರೇ, ಇವರ ಈಗಿನ ಸ್ಥಿತಿ ಏನು? ಈ ಕಾಲಿನ ಬ್ಯಾಂಡೇಜು ಎರಡೂವರೆ ವರ್ಷದಿಂದ ಬದಲಾಗ್ತಾನೇ ಇದೆ!”

ಓದಿ ಅವರು ಹಣೆ ಚಚ್ಚಿಕೊಂಡರು. “ನನ್ನ ಬುದ್ಧಿಗಿಷ್ಟು! ಕರೀರಿ ಅವರನ್ನ.”

ಪರೀಕ್ಷಿಸಿ, ವಿಚಾರಿಸಿ, ವರದಿಗಳನ್ನೆಲ್ಲ ನೋಡಿ ಹೊಸದಾಗಿ ಬರೆದರು: ‘ಮಾತ್ರೆಯ ಬಳಕೆ ಪೂರ್ತಿ ನಿಂತಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಕಾಯಿಲೆ ಹತೋಟಿಯಲ್ಲಿದೆ. ವಾಹನ ಓಡಿಸಲು ಅಡ್ಡಿಯಿಲ್ಲ.’ ಹಳೆಯ ಟಿಪ್ಪಣಿಗಳಿಗೂ ತಿದ್ದುಪಡಿ ಸೇರಿಸಿ ಸಹಿ ಹಾಕಿದರು. ನಾನು ಕೋಡ್ ಬದಲಿಸಿದೆ. ಅಬ್ಬಾ, ಎದೆ ಮೇಲಿನ ಭಾರ ಇಳಿಯಿತು.

ಡ್ರೈವರು ನಾನು ಕೊಟ್ಟ ಹೊಸ ದಾಖಲೆಯ ಕಾಗದವನ್ನು ಎರಡು ಸಲ ಓದಿ ಅಕ್ಕನ ಕೈಗೆ ಕೊಟ್ಟ. “ಅಕ್ಕಾ, ಇನ್ನಾದ್ರೂ ನನ್ನ ಜೇಬು ಹುಡುಕೋದು ಬಿಡ್ತೀಯಾ?”

ಅವಳ ಮುಖ ಪೆಚ್ಚಾಯಿತು. “ನಿಂಗೆ ಗೊತ್ತಿತ್ತೇನೋ?”

“ದಿನಾ ಗೊತ್ತಾಗ್ತಿತ್ತು. ಹುಡುಕಿ ಸಮಾಧಾನ ಮಾಡ್ಕೊಳ್ಳಲಿ ಅಂತ ಸುಮ್ನಿದ್ದೆ.”

ಅವಳು ಅಳುತ್ತಲೇ ನಕ್ಕಳು. “ಬಿಟ್ಟೆ ಕಣೋ,” ಅಂದಳು. “ಇವತ್ತಿಂದ ನಾನೂ ಬಿಟ್ಟೆ.”