ಕೇಕಿನ ಜೊತೆ ಕೂತ ಮೆಕ್ಯಾನಿಕ್

ನನ್ನ ಮೈದುನನನ್ನು ಬೀದಿಯವರೆಲ್ಲ ತಂಪಣ್ಣ ಎಂದು ಕರೆಯುತ್ತಾರೆ. ಕಾರಿನ ಏಸಿ ರಿಪೇರಿ ಅವನ ಕಸುಬು. ತಂಪೇನಿದ್ದರೂ ಕಸುಬಿನಲ್ಲಿ ಮಾತ್ರ. ಅವನ ಕೆಲಸದಲ್ಲಿ ಯಾರಾದರೂ ಹುಳುಕು ಹುಡುಕಿದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನೇನು ಕಮ್ಮಿಯಲ್ಲ. ಹಾಗಾಗಿ ನನ್ನ ಕಾರಿನ ಏಸಿ ಕೆಟ್ಟಿದ್ದಷ್ಟು ದಿನವೂ ನನ್ನ ಗಂಡ ನಮ್ಮಿಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದರು.

ನಾನು ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ದೊಡ್ಡ ಬೇಕರಿಯೊಂದರ ಒಲೆಯ ಮುಂದೆ ವರ್ಷಗಟ್ಟಲೆ ನಾನೂ ಬ್ರೆಡ್ಡಿನ ಜೊತೆ ಬೆಂದು, ಸಾಕಪ್ಪಾ ಸಾಕು ಎಂದು ಕೆಲಸ ಬಿಟ್ಟು ಬಂದಿದ್ದೆ. ಊರಾಚೆಯ ಸಭಾಂಗಣವೊಂದು ವಾರವಾರ ಆರ್ಡರ್ ಕೊಡತೊಡಗಿದ ಮೇಲೆ ಉಸಿರಾಡುವಂತಾಗಿತ್ತು. ಆದರೆ ಅಲ್ಲಿಗೆ ಒಂದು ಗಂಟೆಯ ದಾರಿ. ಬೇಸಿಗೆ ಬೇರೆ, ಕೇಕಿನ ತುಂಬ ಬೆಣ್ಣೆಯ ಕ್ರೀಮು. ಎರಡು ಸಲ ಅರ್ಧ ದಾರಿಯಲ್ಲಿ ಏಸಿ ಕೈಕೊಟ್ಟು, ಕೇಕು ಸೊಂಟ ಬಿದ್ದವರ ಹಾಗೆ ಒಂದು ಕಡೆಗೆ ವಾಲಿಕೊಂಡಿತು. ಸಭಾಂಗಣದ ಮ್ಯಾನೇಜರ್ ಕೂಗಾಡಲಿಲ್ಲ. “ಇನ್ನೊಂದು ಸಲ ನೋಡೋಣ ಮೇಡಂ. ಆಮೇಲೂ ಹೀಗೇ ಆದ್ರೆ ಬೇರೆಯವರಿಗೆ ಕೊಡ್ಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ” ಎಂದರು. ಆ ಆರ್ಡರ್ ಕೈತಪ್ಪಿದರೆ ಹಳೆಯ ಒಲೆಯ ಮುಂದೆ ಹೋಗಿ ನಿಲ್ಲುವುದೇ ಗತಿ.

ತಂಪಣ್ಣ ಮೊದಲ ಸಲ ಗ್ಯಾಸ್ ತುಂಬಿದ. ಎರಡನೇ ಸಲ ಬೆಲ್ಟು, ಫಿಲ್ಟರು ಬದಲಾಯಿಸಿದ. ಎರಡು ಸಲವೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ, ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ, “ನೋಡಿ ಅತ್ತಿಗೆ, ಚಳಿಗೆ ಹಲ್ಲು ಕಟಕಟ ಅಂತಿದೆ ತಾನೆ?” ಎಂದು ಕೇಳಿದ. ನಿಜಕ್ಕೂ ಚಳಿಯಾಗುತ್ತಿತ್ತು. ಇಲ್ಲ ಎನ್ನಲು ನನ್ನ ಹಲ್ಲೇ ಬಿಡಲಿಲ್ಲ.

“ಹಾಗಾದ್ರೆ ನನ್ನ ಕೇಕ್ ಯಾಕೋ ಕರಗತ್ತೆ?”

“ಕೇಕಲ್ಲೇ ಏನೋ ಐಬಿರ್ಬೇಕು. ಬೆಣ್ಣೆ ಸ್ವಲ್ಪ ಕಮ್ಮಿ ಹಾಕಿ ನೋಡಿ.”

ನನಗೆ ಉರಿದುಹೋಯಿತು. ನನ್ನ ಬೆಣ್ಣೆಯ ಲೆಕ್ಕಕ್ಕೆ ಇವನು ಬುದ್ಧಿ ಹೇಳುವುದೇ! “ಶನಿವಾರ ಕೇಕ್ ಹೋಗತ್ತೆ. ನೀನೂ ಬಂದು ಜೊತೆಗೆ ಕೂತ್ಕೋ. ಐಬು ಯಾರದ್ದು ಅಂತ ಅವತ್ತು ಗೊತ್ತಾಗತ್ತೆ” ಎಂದು ಸವಾಲು ಹಾಕಿ ಬಂದೆ.

ಶನಿವಾರ ಮಧ್ಯಾಹ್ನ ಬಂದ. ಮುಂದಿನ ಎಡಗಡೆಯ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕಾಲಿಡುವ ಜಾಗದಲ್ಲಿ ಎರಡಂತಸ್ತಿನ ಕೇಕನ್ನು ಇಟ್ಟಿದ್ದೆ. ಕಾರಿನಲ್ಲಿ ಅಷ್ಟು ಮಟ್ಟಸವಾದ ಜಾಗ ಇನ್ನೊಂದಿಲ್ಲ. ತಂಪು ಗಾಳಿಯೂ ಕೆಳಗಿನ ಕಿಂಡಿಯಿಂದ ನೇರ ಅದರ ಮೈಮೇಲೇ ಬರುತ್ತದೆ. ಕೇಕಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸಕ್ಕರೆ ದಳಗಳ ಹೂಗಳಿದ್ದವು. ಹಿಂದಿನ ರಾತ್ರಿ ಇಡೀ ಕೂತು ಮಾಡಿದ್ದು. ತಂಪಣ್ಣ ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮುದುಡಿ ಕೂತ. “ಕೇಕಿಗೆ ರಾಜೋಪಚಾರ, ಮೈದುನನಿಗೆ ಮೂಲೆ” ಎಂದು ಗೊಣಗಿದ.

ಅರ್ಧ ದಾರಿ ಸಾಗುವವರೆಗೂ ಎಲ್ಲ ಸರಿಯಿತ್ತು. ಅವನು ಗೆದ್ದವನಂತೆ ಸಿಳ್ಳೆ ಹಾಕುತ್ತಿದ್ದ. ದೊಡ್ಡ ಸೇತುವೆ ದಾಟಿದ ಮೇಲೆ ನನ್ನ ಕಾಲಿಗೆ ತಾಗುತ್ತಿದ್ದ ಗಾಳಿ ತೆಳುವಾಯಿತು. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬರೀ ಸದ್ದು ಉಳಿಯಿತು, ಗಾಳಿಯಿಲ್ಲ.

“ನೋಡಿದ್ಯಾ? ಶುರುವಾಯ್ತು ನೋಡು!”

ಸಿಳ್ಳೆ ನಿಂತಿತು. ಅವನು ಎರಡು ಸೀಟಿನ ನಡುವೆ ತಲೆ ತೂರಿಸಿ ಕಿಂಡಿಗೆ ಕೈಯಿಟ್ಟ. “ಬ್ಲೋವರ್ ಫ್ಯಾನ್ ಎಷ್ಟರಲ್ಲಿಟ್ಟಿದ್ದೀರಿ?”

“ಒಂದರಲ್ಲಿ.”

“ಒಂದರಲ್ಲಾ? ಈ ಬಿಸಿಲಲ್ಲಿ ಯಾರಾದ್ರೂ ಒಂದರಲ್ಲಿಡ್ತಾರಾ?”

“ಜಾಸ್ತಿ ಮಾಡಿದ್ರೆ ಹೂವಿನ ದಳ ಮುರಿಯತ್ತೆ. ಕೇಕ್ ಇದ್ದಾಗ ಯಾವಾಗ್ಲೂ ಒಂದೇ. ಕೂಲಿಂಗ್ ಮಾತ್ರ ಪೂರ್ತಿ.”

“ಮತ್ತೆ ನನಗೆ ಹೇಳಲೇ ಇಲ್ಲ?”

“ನೀನು ಕೇಳಿದ್ಯಾ? ಬಂದವನೇ ನಾಲ್ಕಕ್ಕೆ ತಿರುಗಿಸಿ ಬಿರುಗಾಳಿ ಬಿಡ್ತಿದ್ದೆ.”

ಅವನು ಹಣೆ ಚಚ್ಚಿಕೊಂಡು, “ಪಕ್ಕಕ್ಕೆ ಹಾಕಿ, ಪಕ್ಕಕ್ಕೆ ಹಾಕಿ” ಎಂದ. ನಿಲ್ಲಿಸಿದೆ. ಬಾನೆಟ್ ಎತ್ತಿ ನನ್ನನ್ನೂ ಕರೆದ. ಆ ಸುಡುಬಿಸಿಲಿನಲ್ಲಿ ಏಸಿಯ ಪೈಪಿನ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ಕಾರಿನ ಕೆಳಗೆ ತೊಟ್ಟಿಕ್ಕಬೇಕಾದ ನೀರು ಒಂದು ಹನಿಯೂ ಇರಲಿಲ್ಲ.

“ಒಳಗೆ ಕೂಲಿಂಗ್ ಕಾಯಿಲ್ ಐಸ್ ಗಡ್ಡೆಯಾಗಿ ಕೂತಿದೆ ಅತ್ತಿಗೆ. ಗಾಳಿ ತೂರೋಕೆ ಸಂದಿಯೇ ಇಲ್ಲ. ಐಸ್ ಕಟ್ಟೋಕೆ ಮುಂಚೆ ಕಂಪ್ರೆಸರ್ ನಿಲ್ಲಿಸೋಕೆ ಅಂತ್ಲೇ ಅಲ್ಲೊಂದು ಸೆನ್ಸರ್ ಇರತ್ತೆ. ಅದು ಜಾಗ ಬಿಟ್ಟಿರ್ಬೇಕು. ನಾನು ಮಾಡ್ದ ಹಾಗೆ ನಾಲ್ಕರಲ್ಲಿ ಓಡಿಸಿದ್ರೆ ಗಾಳಿ ಜೋರಾಗಿ ಬಂದು ಐಸ್ ಕಟ್ಟೋಕೆ ಬಿಡಲ್ಲ. ಇನ್ನು ನನ್ನ ಶೆಡ್ಡಿಗೆ ಬರೋಷ್ಟರಲ್ಲಿ ಎಲ್ಲ ಕರಗಿ ಏನೂ ಗೊತ್ತಾಗಲ್ಲ.”

“ಪಾಠ ಆಮೇಲೆ ಹೇಳು. ಈಗ ಏನು ಮಾಡೋದು?”

“ಏಸಿ ಆಫ್ ಮಾಡಿ. ಬ್ಲೋವರ್ ನಾಲ್ಕಕ್ಕಿಡಿ.”

ನನ್ನ ಪಿತ್ತ ನೆತ್ತಿಗೇರಿತು. ಕೇಕಿನ ಅಂಚಿನ ಕ್ರೀಮು ಆಗಲೇ ಹೊಳೆಯತೊಡಗಿತ್ತು. ಹೊಳಪು ಬಂತೆಂದರೆ ಕರಗಲು ಹೊರಟಿದೆ ಎಂದೇ ಅರ್ಥ. ಇಂಥ ಹೊತ್ತಿನಲ್ಲಿ ಏಸಿ ಆರಿಸಬೇಕಂತೆ! ಎರಡು ಸಲ ಎಡವಿದವನ ಮಾತು ಬೇರೆ. “ತಲೆ ಕೆಟ್ಟಿದ್ಯಾ ನಿನಗೆ? ನನ್ನ ಅನ್ನ ಕಣೋ ಇದು!” ಎಂದು ರಸ್ತೆಯಲ್ಲೇ ಕಿರುಚಿದೆ.

ಸಾಮಾನ್ಯವಾಗಿ ತಿರುಗಿ ಬೀಳುವ ಹುಡುಗ ಅವತ್ತು ತಿರುಗಿ ಬೀಳಲಿಲ್ಲ. “ಗೊತ್ತು ಅತ್ತಿಗೆ. ಕಟ್ಟಿರೋ ಐಸೇ ಈಗ ನಮಗೆ ತಂಪು. ಏಸಿ ನಿಂತ್ರೆ ಅದು ಕರಗ್ತಾ ಸಂದಿ ಬಿಡತ್ತೆ, ಹೊರಗಿನ ಗಾಳಿ ಅದರ ಮೇಲೆ ಹಾದು ತಣ್ಣಗಾಗೇ ಬರತ್ತೆ. ಗಾಳೀನ ಮೇಲಿನ ಕಿಂಡಿಗೆ ತಿರುಗಿಸಿದ್ರೆ ಹೂವಿಗೂ ಅಷ್ಟು ತಾಗಲ್ಲ. ಇದೊಂದು ಸಲ ನಂಬಿ” ಎಂದ.

ನಂಬಿಕೆಯೇನೂ ಬರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ. ದೇವರೇ ಎಂದು ಗುಂಡಿ ಒತ್ತಿ ಏಸಿ ಆರಿಸಿ, ಗಾಳಿಯನ್ನು ಮೇಲಿನ ಕಿಂಡಿಗೆ ಹಾಕಿ, ಬ್ಲೋವರನ್ನು ನಾಲ್ಕಕ್ಕೆ ತಿರುಗಿಸಿದೆ. ಮೊದಲು ಬರೀ ಗರಗರ ಸದ್ದು. ಕಾರು ಹೊರಟ ಸ್ವಲ್ಪ ಹೊತ್ತಿಗೆ ಮುಖಕ್ಕೆ ಸಣ್ಣಗೆ ಗಾಳಿ ಸೋಕಿತು. ಆಮೇಲೆ ಇನ್ನಷ್ಟು. ಆಮೇಲೆ, ಅಬ್ಬಾ, ಫ್ರಿಜ್ಜಿನ ಬಾಗಿಲು ತೆಗೆದಂತೆ ಸುಯ್ಯೆಂದು ಬಂತು! ನಾನು ಜೋರಾಗಿ ನಕ್ಕುಬಿಟ್ಟೆ.

“ಈಗ ಏಸಿ ಹಾಕಿ, ಬ್ಲೋವರ್ ಎರಡಕ್ಕಿಳಿಸಿ” ಎಂದ. ಸ್ವಲ್ಪ ದೂರ ಹೋದ ಮೇಲೆ “ಆಫ್” ಎಂದ. ಮತ್ತೆ “ಆನ್” ಎಂದ. ಸೆನ್ಸರ್ ಮಾಡಬೇಕಾದ ಕೆಲಸವನ್ನು ಅವನು ಕಿಂಡಿಯ ಮೇಲೆ ಕೈಯಿಟ್ಟುಕೊಂಡು ತಾನೇ ಮಾಡುತ್ತಿದ್ದ. ಇನ್ನೊಂದು ಕೈಯಲ್ಲಿ ಪೇಪರ್ ಹಿಡಿದು ಹೂಗಳಿಗೆ ಗಾಳಿ ತಾಗದಂತೆ ಅಡ್ಡ ಕೊಟ್ಟಿದ್ದ. ಅವನ ಸೊಂಟ ಎಷ್ಟು ನೊಂದಿರಬೇಕೋ, ದಾರಿಯುದ್ದಕ್ಕೂ ಒಂದು ಸಲವೂ ಹಿಂದಕ್ಕೆ ಒರಗಲಿಲ್ಲ.

ಸಭಾಂಗಣದ ಅಡುಗೆಮನೆಯಲ್ಲಿ ಕೇಕನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತೆ. ಮ್ಯಾನೇಜರ್ ಬಗ್ಗಿ ಸುತ್ತಲೂ ನೋಡಿದರು. ಅಂಚು ಅಂಚಾಗಿಯೇ ಇತ್ತು. ಒಂದು ದಳವೂ ಮುಕ್ಕಾಗಿರಲಿಲ್ಲ. “ಬೇರೆಯವರಿಗೆ ಫೋನ್ ಮಾಡೋದು ತಪ್ತು ಮೇಡಂ. ಮುಂದಿನ ವಾರದ ಕೇಕೂ ನೀವೇ ತನ್ನಿ” ಎಂದರು. ನಾನು ತಲೆಯಾಡಿಸಿದೆ.

ಹೊರಗೆ ಬಂದು ನೋಡಿದರೆ ಕಾರಿನ ಬಾಗಿಲು ತೆರೆದಿತ್ತು. ತಂಪಣ್ಣ ಆ ಸೆನ್ಸರನ್ನು ಹುಡುಕುತ್ತಿದ್ದ. ತಲೆ, ಎದೆ ಎಲ್ಲ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕಾಲೆರಡು ಮಾತ್ರ ಹೊರಗೆ. ನನ್ನ ಹೆಜ್ಜೆ ಸದ್ದು ಕೇಳಿಯೂ ಅವನು ಹೊರಗೆ ಬರಲಿಲ್ಲ.

“ಅತ್ತಿಗೆ, ಏನಾಯ್ತು? ಒಳಗೆ ಬರೋಕೆ ಧೈರ್ಯ ಆಗ್ಲಿಲ್ಲ.”

ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇನ್ನು ನನ್ನ ಕಾರು ಅವನ ಶೆಡ್ಡಿನ ಮುಖ ನೋಡುವುದಿಲ್ಲ ಎಂದು ಬೆಳಿಗ್ಗೆ ಗಂಡನ ಮುಂದೆ ಆಣೆ ಮಾಡಿದ್ದವಳು, ಸೆರಗು ಸಿಕ್ಕಿಸಿಕೊಂಡು ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಅವನ ಕೈಯಿಂದ ಟಾರ್ಚ್ ತೆಗೆದುಕೊಂಡು ಅವನಿಗೆ ಬೇಕಾದ ಕಡೆ ಬೆಳಕು ಹಿಡಿದೆ.

“ಮುಂದಿನ ವಾರಾನೂ ನಮ್ಮದೇ ಕೇಕು ಕಣೋ” ಎಂದೆ.

ಡ್ಯಾಶ್‌ಬೋರ್ಡಿನ ಅಡಿಯಿಂದ ಹೊರಗಿದ್ದ ಎರಡು ಕಾಲು ಸಣ್ಣ ಮಗುವಿನ ಹಾಗೆ ಪಟಪಟ ಅಲ್ಲಾಡಿದವು.