ಗಾದಿ ಮಗುಚುವ ಹೊತ್ತು

“ಲೇ ತಾಹಾ!”

ದೀಪಶ್ರೀ ಮೈಕು ಕೆಳಗಿಳಿಸಿದಳು. ಮೃತ್ಯುಂಜಯನ ಗಿಟಾರು ಇನ್ನೊಂದೆರಡು ಸ್ವರ ಮುಂದಕ್ಕೆ ಹೋಗಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಗೊತ್ತಾಗಿ ನಿಂತಿತು. ಶಾಹಬಾಜ್ ತನ್ನ ಬೇಸ್ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿಕೊಂಡ. ಡ್ರಮ್ಮುಗಳ ಹಿಂದೆ ತಾಹಾ ಎರಡೂ ಕೋಲುಗಳನ್ನು ಮೇಲಕ್ಕೆತ್ತಿ ಹಾಗೇ ಕೂತಿದ್ದ.

“ಮತ್ತೆ ಅದೇ ಜಾಗ ಕಣೋ! ಎರಡನೇ ಚರಣ ಮುಗೀತಿದ್ದಂಗೇ ನಿಲ್ಲಿಸ್ಬಿಡ್ತೀಯ. ದಿನಾ ಅಲ್ಲೇ!”

“ನಾನೇನ್ ಬೇಕಂತ ನಿಲ್ಲಿಸ್ತೀನಾ? ಕೈ ನಿಂತ್ಬಿಡುತ್ತೆ ಕಣೇ.”

“ಕೈ ನಿಂತ್ಬಿಡುತ್ತಂತೆ. ಅದೇನ್ ನಿಮ್ಮೂರ ಬಸ್ಸಾ, ಸ್ಟಾಪ್ ಬಂತು ಅಂತ ನಿಲ್ಲೋಕೆ?”

ಗೋಡೆಯಾಚೆ ಶೆಡ್ಡಿನಲ್ಲಿ ಕಾಯಿ ಒಡೆಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವರಲ್ಲಿ ಹಿರಿಯಳಾದ ಸಿಂಗಟಗೆರೆಯ ಪಾಪಮ್ಮನಿಗೆ ನಗು ಬಂದರೆ ಅದು ಗೋಡೆಗೀಡೆಗೆಲ್ಲ ಬಗ್ಗುವಂಥದ್ದಲ್ಲ. “ಲೇ ತಾಹಾ, ಇವತ್ತೂ ಉಗಿಸ್ಕಂಡ್ಯೇನಪ್ಪಾ?” ಎಂದು ಅಲ್ಲಿಂದಲೇ ಕೂಗಿದಳು. ತಾಹಾ ಮುಖ ಕೆಂಪಗೆ ಮಾಡಿಕೊಂಡು ಕೋಲು ಒರೆಸಿಕೊಂಡ.

ಕಡೂರಿನಲ್ಲಿ ರಾಕ್ ಬ್ಯಾಂಡ್ ಕಟ್ಟುತ್ತೇವೆ ಅಂದರೆ ಜನ ಏನಂದಾರು? ಅಂದೇ ಅಂದರು. “ಸಿನಿಮಾ ಹಾಡು ಹೇಳ್ರಪ್ಪಾ, ಮದುವೆಗೆ ಕರೀತಾರೆ” ಎಂದು ಬುದ್ಧಿ ಹೇಳಿದವರೇ ಎಲ್ಲ. ಆದರೆ ಈ ನಾಲ್ಕು ಜನರ ಛಲವನ್ನು ಮೆಚ್ಚಲೇಬೇಕು. ಖಾಸಗಿ ಲ್ಯಾಬಿನಲ್ಲಿ ದಿನವಿಡೀ ಊರಿನವರ ರಕ್ತ ತೆಗೆದು ಬಂದು ಸಂಜೆ ಹಾಡು ಬರೆಯುವ ದೀಪಶ್ರೀ, ಅಪ್ಪನ ಕೊಬ್ಬರಿ ವ್ಯಾಪಾರದ ನಡುವೆಯೇ ಫೋನು ನೋಡಿಕೊಂಡು ಗಿಟಾರು ಕಲಿತ ಮೃತ್ಯುಂಜಯ, ತರೀಕೆರೆಯಲ್ಲಿ ಮೊಬೈಲು ರಿಪೇರಿ ಮಾಡುತ್ತ, ಹಾಳಾದ ಸ್ಪೀಕರುಗಳಿಗೆಲ್ಲ ಜೀವ ಕೊಟ್ಟು ಹೊತ್ತು ತರುವ ಶಾಹಬಾಜ್. ನಾಲ್ಕನೆಯವನು ಶಾಹಬಾಜನ ಚಿಕ್ಕಪ್ಪನ ಮಗ ತಾಹಾ. ಇವನು ಅಪ್ಪ ಜಮಾಲ್ ಸಾಬರ ಗಾದಿ ಅಂಗಡಿಯಲ್ಲಿ ಹತ್ತಿ ಬಡಿಯುವವನು. ಗಾದಿ ಬಡಿಯುವ ಆ ಕೈಯ ಬಿರುಸು ನೋಡಿಯೇ ಮೃತ್ಯುಂಜಯ ಒಂದು ದಿನ ಅಂಗಡಿ ಮುಂದೆ ಸ್ಕೂಟರು ನಿಲ್ಲಿಸಿ, “ನಮ್ ಜೊತೆ ಡ್ರಮ್ ಬಾರಿಸ್ತೀಯೇನೋ?” ಎಂದು ಕೇಳಿದ್ದ.

ತಾಲೀಮಿಗೆ ಜಾಗ ಕೊಟ್ಟವರು ಮೃತ್ಯುಂಜಯನ ಅಪ್ಪ ಪಂಚಾಕ್ಷರಪ್ಪ. ಕೊಬ್ಬರಿ ಮನೆಯ ಪಕ್ಕದ ಕೋಣೆ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ಅವು ವರ್ಷ ಹತ್ತಿರ ಹತ್ತಿರ ಅಲ್ಲೇ ಮಲಗಿ, ಒಳಗಿನ ನೀರು ಒಣಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. “ಏನ್ ಬೇಕಾದ್ರೂ ಬಾರಿಸ್ಕಳ್ರಿ. ನನ್ ಕಾಯಿ ಮಾತ್ರ ಅಲುಗ್ಬಾರ್ದು” ಎಂದು ಪಂಚಾಕ್ಷರಪ್ಪ ಷರತ್ತು ಹಾಕಿದರು. ಆಗ ತಾಹಾ ಅಂಗಡಿಯಿಂದ ಹಳೆಯ ಗಾದಿಗಳನ್ನು ತಂದು ಗೋಡೆಗೂ ಸೂರಿಗೂ ಕಟ್ಟಿದ. ಅಟ್ಟದ ಕಾಯಿ ಅಲುಗಲಿಲ್ಲ. ಬ್ಯಾಂಡಿಗೆ ‘ಗಿಟುಕು’ ಎಂದು ಹೆಸರಾಯಿತು. ದೀಪಶ್ರೀ ಮೊದಲ ಹಾಡು ಬರೆದದ್ದೂ ಆ ಕಾಯಿಗಳನ್ನು ನೋಡಿಯೇ.

‘ನೀರಿನ್ನೂ ಒಳಗಿದೆ, ಅಲುಗಿಸಬೇಡ ಈಗಲೇ,
ಸದ್ದಾಗೋ ದಿನ ಬಂದರೆ ನಾನೇ ಕರೀತೀನಿ...’

ಎಂಥ ಹಾಡು! ಹೆಣ್ಣು ನೋಡೋಕೆ ಬಂದವರ ಮುಂದೆ ಕಾಫಿ ಲೋಟ ಹಿಡಿದು ನಿಂತು ನಿಂತು ಸಾಕಾದವಳು ಬರೆದದ್ದು ಅಂತ ಗೊತ್ತಿದ್ದವರು ಇನ್ನೊಮ್ಮೆ ಹೇಳಿಸಿ ಕೇಳುವಂಥದ್ದು. ಆದರೇನು, ‘ಕರೀತೀನಿ’ ಅನ್ನುವ ಹೊತ್ತಿಗೆ ಸರಿಯಾಗಿ ತಾಹಾನ ಕೈ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ತಾಲೀಮಿನಲ್ಲಿ ನಿಂತರೆ ನಗಬಹುದು. ಅಜ್ಜಂಪುರದಲ್ಲಿ ನಿಂತುಬಿಟ್ಟಿತು. ಕಾಲೇಜು ಹುಡುಗರ ಕಾರ್ಯಕ್ರಮ, ಇವರ ಮೊದಲ ದೊಡ್ಡ ವೇದಿಕೆ. ಎರಡನೇ ಚರಣ ಮುಗಿಯಿತು, ಕೈ ನಿಂತಿತು, ಗಿಟಾರು ಒಂದು ಕಡೆ, ಹಾಡು ಇನ್ನೊಂದು ಕಡೆ. ಹುಡುಗರು ಶಿಳ್ಳೆ ಹೊಡೆದು, “ಕರೆಂಟ್ ಹೋಯ್ತಾ ಗುರು?” ಎಂದು ಕೂಗಿದರು. ವಾಪಸು ಬರುವಾಗ ಗೂಡ್ಸ್ ಆಟೋದ ಹಿಂದೆ ಡ್ರಮ್ಮುಗಳ ನಡುವೆ ಕೂತ ತಾಹಾನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಮೃತ್ಯುಂಜಯ ಮೆಲ್ಲಗೆ ಹೇಳಿದ. “ಬೇಜಾರ್ ಮಾಡ್ಕೋಬೇಡ ಕಣೋ. ಸಿಂಗಟಗೆರೆ ರಾಜ್ಯೋತ್ಸವಕ್ಕೆ ಕರೆದಿದಾರೆ. ಅಲ್ಲೂ ನಿಂತ್ರೆ, ಆಮೇಲೆ ಲ್ಯಾಪ್‌ಟಾಪಲ್ಲೇ ಬೀಟ್ ಹಾಕ್ಕೊಂಬಿಡೋಣ. ಅದು ನಿಲ್ಲಲ್ಲ.”

ತಾಹಾ ಸುಮ್ಮನೆ ತಲೆಯಾಡಿಸಿದ. ಅವನಿಗೆ ಬೇರೇನಿತ್ತು? ಈಗ ಎಲ್ಲರ ಮನೆಗೂ ರೆಡಿಮೇಡ್ ಫೋಮ್ ಹಾಸಿಗೆಗಳು ಬರುತ್ತಿದ್ದವು. ಹತ್ತಿ ಬಡಿಸುವವರು ದಿನಕ್ಕೊಬ್ಬರು ಬಂದರೆ ಹೆಚ್ಚು. ಸಂಜೆ ಆ ಕೋಣೆಯಲ್ಲಿ ಕೂತು ಕೋಲು ಹಿಡಿದಾಗ ಮಾತ್ರ ತಾನೊಬ್ಬ ಬೇಕಾದ ಮನುಷ್ಯ ಅಂತ ಅವನಿಗೆ ಅನ್ನಿಸುತ್ತಿತ್ತು. ಅದನ್ನು ಒಂದು ಲ್ಯಾಪ್‌ಟಾಪಿಗೆ ಬಿಟ್ಟುಕೊಡುವುದೇ?

ಗುಟ್ಟು ಸಿಕ್ಕಿದ್ದು ಅಂಗಡಿಯಲ್ಲಿ. ದೇವನೂರಿನವರೊಬ್ಬರು ಮಗಳ ಬಾಣಂತನಕ್ಕೆಂದು ಹಳೆಯ ಗಾದಿ ತಂದುಕೊಟ್ಟಿದ್ದರು. ಹತ್ತಿ ಹಿಂಜಿ, ಹೊಸ ಬಟ್ಟೆಗೆ ತುಂಬಿ, ನೆಲದ ಮೇಲೆ ಹಾಸಿ ಅಪ್ಪ ಮಗ ಎದುರುಬದುರು ಕೂತು ಕೋಲಿನಿಂದ ಬಡಿಯತೊಡಗಿದರು. ಗಂಟುಗಂಟಾದ ಹತ್ತಿ ಸಮನಾಗಿ ಹರಡಿಕೊಳ್ಳಬೇಕು. ಧಪ್ ಧಪ್, ಧಪ್ ಧಪ್. ತಾಹಾ ತಲೆಯೊಳಗೆ ಹಾಡು ಹೇಳಿಕೊಳ್ಳುತ್ತಿದ್ದ. ಮೊದಲನೇ ಚರಣ ಆಯಿತು, ಎರಡನೆಯದೂ ಆಯಿತು.

“ಪಲ್ಟಾ ರೇ” ಎಂದರು ಜಮಾಲ್ ಸಾಬರು, ಮಗುಚು ಅಂತ.

ತಾಹಾನ ಕೈ ಆಗಲೇ ನಿಂತಿತ್ತು. ಅಪ್ಪ ಆ ಕಡೆಯ ಮೂಲೆ ಹಿಡಿದರು, ಮಗ ಈ ಕಡೆಯದು. ಇಬ್ಬರೂ ಸೇರಿ ಗಾದಿಯನ್ನು ಮಗುಚಿದರು. ಒಂದು ಮಗ್ಗುಲು ಹದವಾಯಿತು, ಇನ್ನೊಂದು ಮಗ್ಗುಲು ಬಡಿಯಬೇಕು. ಚಿಕ್ಕಂದಿನಿಂದ ಮಾಡಿದ್ದೇ ಇದು, ಇಷ್ಟು ಏಟು ಬಿದ್ದರೆ ಕೈ ತಾನಾಗಿ ನಿಲ್ಲುತ್ತಿತ್ತು.

ತಾಹಾ ಕೋಲು ಬಿಸಾಕಿ ತಲೆಯ ಮೇಲೆ ಕೈಯಿಟ್ಟುಕೊಂಡ. “ಯಾ ಅಲ್ಲಾ! ಡ್ರಮ್ ಮಗುಚೋಕೆ ಹೋಗ್ತಿದ್ನಲ್ಲಾ ನಾನು!”

“ಕ್ಯಾ ಹುವಾ ರೇ?”

“ಕುಚ್ ನಹೀ ಅಬ್ಬಾ.”

ಅವತ್ತಿನಿಂದ ಅವನು ಅಪ್ಪನಿಗೆ ಒಂದು ವಿಚಿತ್ರ ಕಾಟ ಕೊಡತೊಡಗಿದ. ಮಗುಚುವ ಹೊತ್ತು ಬಂದರೂ ಬಡಿಯುತ್ತಲೇ ಇರುವನು. “ಪಲ್ಟಾನಾ ನಕ್ಕೋ ಅಬ್ಬಾ, ಜರಾ ಠೈರೋ” ಅನ್ನುವನು, ಈಗಲೇ ಬೇಡ, ಸ್ವಲ್ಪ ತಾಳಿ ಅಂತ. ಜಮಾಲ್ ಸಾಬರು ಮೂಲೆ ಹಿಡಿದುಕೊಂಡು ಕಾಯುವರು. ಮಗನಿಗೆ ಏನೋ ಆಗಿದೆ ಅಂತ ಅವರಿಗೆ ಗೊತ್ತು. ಬ್ಯಾಂಡಿನ ವಿಷಯಕ್ಕೆ ಅವರು ಬೇಕು ಅಂದವರಲ್ಲ, ಬೇಡ ಅಂದವರೂ ಅಲ್ಲ. ಒಂದು ಸಲವೂ ಕೇಳಲು ಬಂದವರಲ್ಲ. ಮೂಲೆ ಹಿಡಿದು ಕಾಯುವುದು ಮಾತ್ರ ಮಾಡಿದರು. ಗಾದಿ ಒಂದು ಮಗ್ಗುಲಿಗೆ ಚಪ್ಪಟೆಯಾದರೂ ಮೂಲೆ ಬಿಡಲಿಲ್ಲ. ರಾಜ್ಯೋತ್ಸವ ಬರುವಷ್ಟರಲ್ಲಿ ತಾಹಾನ ಕೈ ಆ ಜಾಗವನ್ನು ದಾಟಲು ಕಲಿತಿತ್ತು.

ಸಿಂಗಟಗೆರೆಯ ಶಾಲೆಯ ಬಯಲಿನಲ್ಲಿ ಹಳದಿ ಕೆಂಪು ಬಾವುಟಗಳ ಕೆಳಗೆ ವೇದಿಕೆ ಕಟ್ಟಿದ್ದರು. ಬಿಸಿಲು ಇಳಿದಿತ್ತು. ಮುಂದುಗಡೆ ಗೋಣಿಚೀಲ ಹಾಸಿಕೊಂಡು ಪಾಪಮ್ಮ ಮತ್ತವಳ ಪಟಾಲಂ ಕೂತಿತ್ತು. ದಿನಾ ಕೊಬ್ಬರಿ ಸಿಪ್ಪೆಯ ಧೂಳಿನಲ್ಲಿ ಕಾಣುವವರು ಇವತ್ತು ತಲೆ ತುಂಬ ಹೂವು ಮುಡಿದಿದ್ದರು. ಇವರನ್ನು ಕಂಡದ್ದೇ ತಡ, “ನಮ್ ಹುಡುಗ್ರು ಕಣ್ರೀ ಅವು!” ಎಂದು ಪಾಪಮ್ಮ ಅಕ್ಕಪಕ್ಕದವರಿಗೆ ಸಾರಿದಳು.

ಮೊದಲೆರಡು ಹಾಡು ಜನ ಮರ್ಯಾದೆಗೆ ಕೇಳಿದರು. “ಸಿನಿಮಾದ್ದು ಹೇಳ್ರೀ” ಎಂದು ಹಿಂದಿನಿಂದ ಕೂಗೂ ಬಂತು. ಮೃತ್ಯುಂಜಯ ಬಗ್ಗದೆ, ಕಾಯಿಯ ಹಾಡಿಗೆ ಗಿಟಾರು ಮೀಟಿದ. ತಾಹಾ ತಾಳ ಹಿಡಿದುಕೊಂಡ.

ಆಗ ಅವನ ಕಣ್ಣಿಗೆ ಬಿದ್ದದ್ದೇ ಅದು. ಮುಂದಿನ ಸಾಲಿನ ಹೆಂಗಸರೆಲ್ಲರ ತುಟಿಯೂ ಆಡುತ್ತಿತ್ತು. ಒಂದು ಅಕ್ಷರ ಬಿಡದೆ ಹಾಡನ್ನು ಒಪ್ಪಿಸುತ್ತಿದ್ದರು! ಇಷ್ಟು ದಿನ ಗೋಡೆಯಾಚೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಎರಡನೇ ಚರಣ ಮುಗಿಯುತ್ತ ಬಂದಂತೆ ಪಾಪಮ್ಮ ಮಂಡಿಯೂರಿ ಮೇಲೆದ್ದು ಕೈಯೆತ್ತಿದಳು. ‘ನಾನೇ ಕರೀತೀನಿ’ ಎಂದಳು ದೀಪಶ್ರೀ. ತಾಹಾನ ಕೈ ನಿಲ್ಲಲಿಲ್ಲ. ದಾಟಿತು. ಹೆಂಗಸರೆಲ್ಲ ಒಟ್ಟಿಗೆ ಏನೋ ಕೂಗಿದರು, ಆದರೆ ಅದು ಡ್ರಮ್ಮಿನ ಸದ್ದಿನಲ್ಲಿ ಮುಳುಗಿಹೋಯಿತು. ಪಾಪಮ್ಮ ಬಾಯಿ ತೆರೆದುಕೊಂಡೇ ಆಚೀಚೆ ನೋಡಿ, ಪೆಚ್ಚಾಗಿ ಕೂತಳು.

ಮೃತ್ಯುಂಜಯ ಹಿಂದೆ ತಿರುಗಿ, ಹಲ್ಲು ಕಿರಿದು, ಹೆಬ್ಬೆರಳೆತ್ತಿ ತೋರಿಸಿದ. ಗೆದ್ದೆ ಕಣೋ, ಅಂತ. ತಾಹಾನಿಗೆ ಕುಣಿಯಬೇಕು ಅನ್ನಿಸುವಷ್ಟು ಖುಷಿಯಾಗಬೇಕಿತ್ತು. ಅವನು ನೋಡುತ್ತಿದ್ದದ್ದು ಮಾತ್ರ ಪಾಪಮ್ಮನನ್ನು. ಅವಳು ಏನು ಕೂಗಿದಳು ಅಂತ ಅವನಿಗೆ ಕೇಳಿಸಿರಲಿಲ್ಲ, ಗೊತ್ತಿತ್ತು ಅಷ್ಟೆ. ಆ ಹೆಂಗಸರಿಗೆ ಹಾಡು ಇರುವುದೇ ಹಾಗೆ. ಎರಡು ಚರಣ, ಆಮೇಲೆ ಒಂದು ನಿಲುಗಡೆ, ಆಮೇಲೆ ಒಂದು ಬೈಗುಳ. ಅವರ ಪಾಲಿನ ಹಾಡನ್ನು ತಾನು ತಿಂದುಹಾಕಿದೆ ಅನ್ನಿಸಿತು ಅವನಿಗೆ.

ಕಡೆಯ ಚರಣದ ಕೊನೆಗೆ ಅದೇ ಸಾಲು ಮತ್ತೆ ಬರುತ್ತದೆ. ಈಗಲೂ ದಾಟಿದರೆ ಬ್ಯಾಂಡಿನಲ್ಲಿ ಅವನ ಜಾಗ ಭದ್ರ. ನಿಂತರೆ ಲ್ಯಾಪ್‌ಟಾಪು. ಅಷ್ಟೂ ಗೊತ್ತಿದ್ದೇ ಅವನು ಪಾಪಮ್ಮನ ಕಡೆ ನೋಡಿ ಹುಬ್ಬು ಹಾರಿಸಿದ.

‘...ನಾನೇ ಕರೀತೀನಿ’ ಎಂದಳು ದೀಪಶ್ರೀ.

ತಾಹಾ ಎರಡೂ ಕೋಲುಗಳನ್ನು ಮೇಲಕ್ಕೆತ್ತಿ ನಿಲ್ಲಿಸಿಬಿಟ್ಟ.

ಗಿಟಾರು ನಿಂತಿತು. ಬೇಸೂ ನಿಂತಿತು. ಮೃತ್ಯುಂಜಯ ತಿರುಗಿದ ರಭಸಕ್ಕೆ ಅವನ ಗಿಟಾರಿನ ವೈರು ಕಿತ್ತು ಬರಬೇಕಿತ್ತು. ಬಯಲಿಡೀ ಗಪ್‌ಚಿಪ್. ಆ ಮೌನದೊಳಗೆ ಮುಂದಿನ ಸಾಲಿನ ಹೆಂಗಸರು ಒಂದೇ ದನಿಯಲ್ಲಿ ಕೂಗಿದರು:

“ಲೇ ತಾಹಾ!”

ತಾಹಾ ಸರಿಯಾಗಿ ಆ ಕೂಗಿನ ಬೆನ್ನಿಗೇ ಎರಡೂ ಕೈ ಇಳಿಸಿದ. ಅದೆಂಥ ಏಟು! ದೀಪಶ್ರೀ ಮೈಕಿನೊಳಗೇ ಗೊಳ್ಳನೆ ನಕ್ಕಳು, ನಗುತ್ತಲೇ ಸಾಲು ಹಿಡಿದಳು. ಮೃತ್ಯುಂಜಯ ಏನಾಯಿತು ಅಂತ ತಿಳಿಯದಿದ್ದರೂ ಗಿಟಾರು ಬಿಡಲಿಲ್ಲ. ಹಾಡು ಮುಗಿದದ್ದೇ ಜನ ಎದ್ದು ನಿಂತು, “ಅದ್ನೇ ಹೇಳ್ರೀ! ಆ ಬೈಯೋ ಹಾಡು!” ಎಂದು ಗಲಾಟೆಯೆಬ್ಬಿಸಿದರು. ಎರಡನೇ ಸಲ ಹೇಳುವಾಗ ತಾಹಾನನ್ನು ಬೈದದ್ದು ಬರೀ ಮುಂದಿನ ಸಾಲಲ್ಲ, ಇಡೀ ಸಿಂಗಟಗೆರೆ. ಸಿನಿಮಾದ್ದು ಬೇಕು ಅಂದವನ ಗಂಟಲೂ ಅದರಲ್ಲಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮೃತ್ಯುಂಜಯ ವೈರುಗಳನ್ನೆಲ್ಲ ಸುತ್ತಿಟ್ಟ. ಆಮೇಲೆ ತಾಹಾನ ಹತ್ತಿರ ಬಂದು ಡ್ರಮ್ಮಿನ ಮೇಲೆ ಕೈಯಿಟ್ಟು, “ಬೇಕಂತಲೇ ನಿಲ್ಲಿಸ್ದೆ ತಾನೆ?” ಎಂದ.

“ಹೂಂ ಕಣೋ.”

“ಇನ್ಮೇಲೆ ಅಲ್ಲಿ ನಿಲ್ಲಿಸ್ಲೇಬೇಕು. ಎಷ್ಟು ಹೊತ್ತು ನಿಲ್ಬೇಕು ಅಂತ ಮಾತ್ರ ನಮಗೂ ಹೇಳ್ಕೊಟ್ಬಿಡು.”

“ಒಂದ್ ಗಾದಿ ಮಗುಚೋವಷ್ಟು” ಎಂದ ತಾಹಾ.

ಮೃತ್ಯುಂಜಯನಿಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಮೂವರೂ ಗಾದಿ ಅಂಗಡಿಗೆ ಬಂದು ನೋಡಿ ಕಲಿತುಕೊಂಡರು.

ಯಾರದೋ ಫೋನಿನಲ್ಲಿ ಹಿಡಿದಿದ್ದ ಆ ಹಾಡು ಊರೂರು ತಿರುಗಿತು. ತರೀಕೆರೆಯಲ್ಲಿ ಗುರುತು ಪರಿಚಯವಿಲ್ಲದ ಜನ ಕೂಗಿದರು. ಅಜ್ಜಂಪುರದ ಅದೇ ಕಾಲೇಜಿನವರು ಮತ್ತೆ ಕರೆಸಿದರು, ಕರೆಂಟು ಹೋಯಿತಾ ಎಂದಿದ್ದ ಹುಡುಗರೇ ಕೊರಳ ನರ ಉಬ್ಬಿಸಿಕೊಂಡು ‘ಲೇ ತಾಹಾ’ ಎಂದರು. ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ಕಂಡರೂ ಅದೇ ಕೂಗು. ಅವನಿಗೆ ಒಂದು ಸಲವೂ ಬೇಸರವಾಗಲಿಲ್ಲ. ಯಾಕಾದೀತು?

ಮನೆಯಲ್ಲಿ ಮಾತ್ರ ಯಾರೂ ಏನೂ ಅಂದಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪ ಮಗ ಎದುರುಬದುರು ಕೂತು ಬಡಿಯುತ್ತಿದ್ದರು. ಬಾಗಿಲಿನ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ತಾಹಾನ ಕೈ ತಾನಾಗಿ ನಿಂತಿತು. ಅವನು ‘ಪಲ್ಟಾ ರೇ’ ಎಂಬ ಮಾತಿಗೆ ಕಾದ. ಅದು ಬರಲಿಲ್ಲ. ತಲೆಯೆತ್ತಿ ನೋಡಿದರೆ ಜಮಾಲ್ ಸಾಬರು ಮೂಲೆ ಹಿಡಿದುಕೊಂಡು, ಗಾದಿಯನ್ನೇ ನೋಡುತ್ತ ಕೂತಿದ್ದರು. ಗಡ್ಡದ ತುಂಬ ಹತ್ತಿ ಮೆತ್ತಿಕೊಂಡಿತ್ತು.

“ಲೇ ತಾಹಾ” ಎಂದರು ಮೆಲ್ಲಗೆ, ಕನ್ನಡದಲ್ಲಿ.

ತಾಹಾ ಎದ್ದು ಈ ಕಡೆಯ ಮೂಲೆ ಹಿಡಿದ. ಇಬ್ಬರೂ ಸೇರಿ ಗಾದಿಯನ್ನು ಮಗುಚಿದರು.