ಗೇಟಿನೊಳಗಿನ ಮಡಿಲಕ್ಕಿ

"ಮಡ್ಲು ಸರಿಯಾಗಿ ಇಡ್ಕೊ ಮಗಾ, ಅಕ್ಕಿ ಚೆಲ್ಲೋಯ್ತದೆ," ಎಂದು ಅಂಕಮ್ಮ ಚಿನ್ನಕ್ಕನ ಸೆರಗಿನ ಎರಡು ತುದಿಗಳನ್ನೂ ಎಳೆದು ಅವಳ ಕೈಗೇ ಕೊಟ್ಟಳು.

ಚಿನ್ನಕ್ಕ ನಾಚಿಕೊಂಡು ಹಿಡಿದಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಮರುದಿನ ಬೆಳಗ್ಗೆ ಅವಳ ಅಣ್ಣ ಬಂದು ನಲ್ಲಂಪಳ್ಳಿ ಕಡೆಯ ತವರಿಗೆ ಬಾಣಂತನಕ್ಕೆ ಕರೆದುಕೊಂಡು ಹೋಗುವವನಿದ್ದ. ಹಾಗಾಗಿ ಸಬ್ಬಕ್ಕಿ ಆಲೆಯಲ್ಲಿ ಅವಳ ಕೆಲಸ ಅಂದಿಗೆ ಮುಗಿಯುತ್ತಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚಿ ಉಂಡ ಹೆಂಗಸರು ಕೈ ತೊಳೆದು, ಸುಲಿದ ಮರಗೆಣಸಿನ ಗುಡ್ಡೆಗಳ ನಡುವೆಯೇ ಒಬ್ಬೊಬ್ಬರಾಗಿ ಬಂದು, ಮನೆಯಿಂದ ಗಂಟು ಕಟ್ಟಿ ತಂದಿದ್ದ ಅಕ್ಕಿಯನ್ನು ಬೊಗಸೆ ತುಂಬಿ ಅವಳ ಮಡಿಲಿಗೆ ಹಾಕಿದರು. ಅರಿಶಿನದ ಕೊಂಬು, ವೀಳ್ಯದೆಲೆ, ಬೆಲ್ಲದಚ್ಚು, ಒಂದು ಬಟ್ಟಲು ಕೊಬ್ಬರಿ, ಹಸಿರು ಬಳೆ. ಉಳ್ಳವರ ಮನೆಯ ಸೀಮಂತಕ್ಕೆ ಇದು ಯಾತಕ್ಕೂ ಸಾಲದು. ಆದರೆ ಹಾಕಿದವರೆಲ್ಲ ತಮ್ಮ ಮನೆಯ ರಾಗಿ ಅಂಬಲಿಗೇ ನೀರು ಹೆಚ್ಚು ಮಾಡಿಕೊಳ್ಳುವ ಹೆಂಗಸರು. ಅಕ್ಕಿ ಅವರ ಮನೆಗೆ ಹಬ್ಬಕ್ಕೆ ಬರುವ ನೆಂಟ.

"ಗಂಟು ದಾರೀಲಿ ಬಿಚ್ಚಬ್ಯಾಡ. ಮನೆಗೋಗಿ, ದೇವ್ರ ಮುಂದೆ ದೀಪ ಅಚ್ಚಿ, ಆಮ್ಯಾಲೆ ಬಿಚ್ಚು. ತಿಳೀತಾ?" ಎಂದು ಅಂಕಮ್ಮ ಅಕ್ಕಿಯನ್ನು ಸೆರಗಿನಲ್ಲೇ ಗಂಟು ಕಟ್ಟಿ ಚಿನ್ನಕ್ಕನ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿದಳು. ಬಿಚ್ಚಿದರೆ ತುಂಬಿದ ಮಡಿಲು ದಾರಿಯಲ್ಲಿ ಬರಿದಾದಂತೆ. ಬಸುರಿಯ ವಿಷಯದಲ್ಲಿ ಅಂಥ ಮಾತು ಯಾರ ಬಾಯಲ್ಲೂ ಬರಬಾರದು.

ಇಷ್ಟೆಲ್ಲ ಶಾಸ್ತ್ರ ನೆನಪಿದ್ದ ಅಷ್ಟೂ ಹೆಂಗಸರಿಗೆ ಒಂದು ಮಾತ್ರ ಮರೆತುಹೋಗಿತ್ತು. ಸಂಜೆ ಗೇಟು ದಾಟಬೇಕಲ್ಲ, ಅದು.

ತೊಪ್ಪೂರು ಘಾಟಿ ಇಳಿದು ಸೇಲಂ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಆ ಜವ್ವರಿಸಿ ಆಲೆಯಲ್ಲಿ ಮರಗೆಣಸನ್ನು ಸುಲಿದು, ಅರೆದು, ಹಾಲು ತೆಗೆದು, ಹುರಿದು, ಒಣಗಿಸಿ ಸಬ್ಬಕ್ಕಿ, ಅಲ್ಲಿಯವರ ಮಾತಿನಲ್ಲಿ ಜವ್ವರಿಸಿ, ಮಾಡುತ್ತಿದ್ದರು. ಸುಲಿಯುವುದು ಹೆಂಗಸರ ಕೆಲಸ. ಅವರಲ್ಲಿ ಹೆಚ್ಚಿನವರು ಗುಡ್ಡದ ಮಗ್ಗುಲಿನ ಹಟ್ಟಿಗಳಿಂದ ಬರುವ, ಮನೆಯಲ್ಲಿ ಕನ್ನಡ ಆಡುವ, ಕುರಿ ಸಾಕುವ ಜನ. ಕೆಲಸ ಬಿಟ್ಟು ಹೊರಡುವಾಗ ಗೇಟಿನ ಬಳಿ ಮುತ್ತುಸ್ವಾಮಿ ಮೇಸ್ತ್ರಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ, ಕೈಯಲ್ಲಿ ಬೆತ್ತ. "ಮಡಿಯೆ ಉದರು," ಎನ್ನುತ್ತಿದ್ದ ತಮಿಳಿನಲ್ಲಿ. ಹೆಂಗಸು ಮಡಿಲು ಬಿಚ್ಚಿ ಒದರಬೇಕು. ಅವನಿಗೆ ಅನುಮಾನ ಬಂದರೆ, ಅಥವಾ ಹೆಂಗಸು ಚಿಕ್ಕ ವಯಸ್ಸಿನವಳಾದರೆ, ಬೆತ್ತದ ತುದಿ ಸೊಂಟದ ಸುತ್ತ ಒಂದು ಸುತ್ತು ಬರುತ್ತಿತ್ತು. ಅಷ್ಟು ವರ್ಷ ಒದರಿಸಿದ್ದಕ್ಕೆ ಅಲ್ಲಿ ಉದುರಿದ್ದು ಎಲೆಯಡಿಕೆ, ಸುಣ್ಣದ ಡಬ್ಬಿ, ಯಾವಳೋ ಮಗುವಿಗೆಂದು ಬಚ್ಚಿಟ್ಟ ಒಂದು ಗೆಣಸಿನ ತುಂಡು. ಆಲೆ ಮುಳುಗಿಸುವಷ್ಟು ಕಳ್ಳತನವಂತೂ ಅಲ್ಲ.

ಹಿಂದೊಮ್ಮೆ ಸಣ್ಣಕ್ಕ ಎಂಬವಳು ಆ ಬೆತ್ತವನ್ನು ಹಿಡಿದು ಆಚೆ ತಳ್ಳಿದ್ದಳು. ಮರುದಿನ ಅವಳಿಗೆ ಕೆಲಸವಿರಲಿಲ್ಲ. ಯಾರೂ ಕೇಳಲಿಲ್ಲ, ಕೇಳುವುದು ಹೇಗೆಂದು ಯಾರಿಗೂ ಗೊತ್ತಿರಲೂ ಇಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಎಲ್ಲರೂ ತಮ್ಮ ತಮ್ಮ ದವಡೆ ಗಟ್ಟಿಮಾಡಿಕೊಂಡು ಸುಮ್ಮನಾದರು.

ಆಮೇಲೆ ಸಂಘ ಬಂತು. ಹುರಿಯುವ ಬಾಣಲೆಯ ಪೊನ್ನುಸ್ವಾಮಿ ಅದರ ಕಾರ್ಯದರ್ಶಿ. ಅವನು ಎಡಪ್ಪಾಡಿಯ ನೇಕಾರರ ಮಗ, ಮಗ್ಗದ ಕೆಲಸ ಸಾಲದೆ ಇಲ್ಲಿಗೆ ಬಂದವನು. ಅವನ ಮನೆಮಾತೂ ಕನ್ನಡವೇ. ಹೆಂಗಸರೂ ಸೇರಿದರು. ಮೊದಲ ಸಭೆಯಲ್ಲೇ ಅಂಕಮ್ಮ ಎದ್ದು ನಿಂತು ಗೇಟಿನ ವಿಷಯ ಎತ್ತಿದ್ದಳು. ಪೊನ್ನುಸ್ವಾಮಿ ತಲೆ ಕೆರೆದುಕೊಂಡು, "ಅದೂ ಪ್ರಚ್ನೆನೇ ಅಕ್ಕಾ, ಇಲ್ಲ ಅನ್ನಲ್ಲ. ಮೊದ್ಲು ಬೋನಸ್ ಮುಗೀಲಿ," ಎಂದಿದ್ದ. ಗಂಡಸರು ತಲೆಯಾಡಿಸಿದ್ದರು. ಅಂಕಮ್ಮ ಅಲ್ಲಿಯೇ ಅಂದಿದ್ದಳು: "ನಿಮ್ ಸಂಗಕ್ಕೆ ಮಡ್ಲಿಲ್ಲ ಕಣಪ್ಪಾ. ಅದಕ್ಕೇ ನಿಮಗೆ ಗೊತ್ತಾಗಾಕಿಲ್ಲ." ಎಲ್ಲರೂ ನಕ್ಕಿದ್ದರು, ಪೊನ್ನುಸ್ವಾಮಿಯೂ ನಕ್ಕಿದ್ದ. ಮಾತು ಅಲ್ಲಿಗೇ ನಿಂತಿತ್ತು.

ಆ ಸಂಜೆ ಹೆಂಗಸರು ಚಿನ್ನಕ್ಕನನ್ನು ಮುಂದೆ ಬಿಟ್ಟುಕೊಂಡು, ಹುಟ್ಟುವುದು ಗಂಡೋ ಹೆಣ್ಣೋ ಎಂದು ರೇಗಿಸುತ್ತಾ ಗೇಟಿಗೆ ಬಂದರು. ಬೆತ್ತ ಅಡ್ಡ ಬಂದಾಗಲೇ ಎಲ್ಲರ ನಗು ನಿಂತದ್ದು.

"ಎನ್ನ ಅದು?" ಎಂದ ಮುತ್ತುಸ್ವಾಮಿ, ಉಬ್ಬಿದ ಗಂಟನ್ನು ನೋಡಿ. "ಮಡಿಯೆ ಉದರು."

"ಮಡ್ಲಕ್ಕಿ ಮೇಸ್ತ್ರಿ," ಎಂದಳು ಅಂಕಮ್ಮ. "ಬಸುರಿಗೆ ನಾವೇ ತುಂಬಿದ್ದು. ಅಕ್ಕಿ ಐತೆ, ಎಲೆ ಐತೆ. ಬಿಚ್ಚಂಗಿಲ್ಲ."

"ಅಕ್ಕಿನೋ ಜವ್ವರಿಸಿನೋ, ಬಿಚ್ಚಿದ್ರೆ ತಾನೇ ಗೊತ್ತಾಗೋದು?"

"ಮುಟ್ಟಿ ನೋಡ್ಕೊತೀನಿ ಅನ್ನಬ್ಯಾಡ ಮತ್ತೆ. ನಿನ್ ಎಂಡ್ತಿಗೂ ಮಡ್ಲು ತುಂಬಿರ್ತಾರಲ್ಲ? ಆವಾಗ ಯಾರು ಒದರ್ಸಿದ್ರು?"

ಮುತ್ತುಸ್ವಾಮಿಯ ಮುಖ ಕೆಂಪಾಯಿತು. ಅವನು ಕೆಟ್ಟವನೆಂದೇನೂ ಅಲ್ಲ. ಆದರೆ ಬೆತ್ತ ಹಿಡಿದವನಿಗೆ ಅದನ್ನು ಕೆಳಗಿಡುವುದು ಕಷ್ಟ, ಅದೂ ಹೆಂಗಸರ ಎದುರಿಗೆ. ಅವನು ಬೆತ್ತದ ತುದಿಯನ್ನು ಗಂಟಿಗೆ ಸಿಕ್ಕಿಸಿ ಎಳೆದ. ಗಂಟು ಪೂರ್ತಿ ಬಿಚ್ಚಲಿಲ್ಲ. ಒಂದು ಮೂಲೆ ಸಡಿಲಾಗಿ ಹಿಡಿಯಷ್ಟು ಅಕ್ಕಿ, ಒಂದು ಅರಿಶಿನದ ಕೊಂಬು ಮಣ್ಣಿಗೆ ಬಿದ್ದವು. ಚಿನ್ನಕ್ಕ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಹಿಂದೆ ಸರಿದಳು.

ಅಂಕಮ್ಮನಿಗೆ ಕೂಗಾಡಬೇಕೆನಿಸಿತು. ಅದರ ಬದಲು ಕುಕ್ಕರುಗಾಲಲ್ಲಿ ಕೂತು ಮಣ್ಣಿನಿಂದ ಅಕ್ಕಿ ಕಾಳುಗಳನ್ನು ಆರಿಸತೊಡಗಿದಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು ಕೂತಳು. ಮತ್ತೊಬ್ಬಳು. ಎಲ್ಲರ ಬೆರಳುಗಳೂ ಮಣ್ಣು ಕೆದಕುತ್ತಿದ್ದವು. ಆರಿಸಿದ್ದನ್ನೆಲ್ಲ ಊದಿ, ಒಂದು ಬೊಗಸೆಗೆ ಸೇರಿಸಿ, ಚಿನ್ನಕ್ಕನ ಮಡಿಲಿಗೆ ಮರಳಿ ಹಾಕಿ ಗಂಟು ಬಿಗಿದರು. ಕೆಲಸ ಮುಗಿಯಿತು. ಆದರೆ ಅಂಕಮ್ಮ ಏಳಲಿಲ್ಲ.

"ಏಳು, ಓಗು ಅತ್ಲಾಗೆ," ಎಂದ ಮುತ್ತುಸ್ವಾಮಿ.

"ಓಗಾಕಿಲ್ಲ."

"ಎನ್ನದು?"

"ಮಡ್ಲು ಒದರಿದ್ರೆ ತಾನೇ ಆಚೆ ಬಿಡ್ತೀಯಾ? ನಾವು ಒದರಲ್ಲ. ನಾವು ಆಚೆನೂ ಓಗಲ್ಲ. ಇಲ್ಲೇ ಕುಂತಿರ್ತೀವಿ." ಅವಳು ಕಾಲು ಚಾಚಿ ನೆಲಕ್ಕೇ ಕೂತುಬಿಟ್ಟಳು.

ಕೆಲಸಕ್ಕೆ ಬರುವುದಿಲ್ಲ ಎಂದು ಮುಷ್ಕರ ಮಾಡುವವರನ್ನು ಮುತ್ತುಸ್ವಾಮಿ ಕೇಳಿದ್ದ. ಮನೆಗೆ ಹೋಗುವುದಿಲ್ಲ ಎನ್ನುವವರನ್ನು ಕಂಡಿರಲಿಲ್ಲ. ಹೆಂಗಸರೆಲ್ಲ ಗೇಟಿಗೆ ಅಡ್ಡಲಾಗಿ ಕೂತರು. ಚಿನ್ನಕ್ಕನಿಗೆ ಒರಗಿಕೊಳ್ಳಲು ಒಂದು ಗೋಣಿಚೀಲದ ಕಟ್ಟು ಎಳೆದು ತಂದರು. ಒಳಗೆ ಸುಲಿದ ಗೆಣಸಿನ ರಾಶಿ ಅರೆಯುವುದಕ್ಕೆ ಕಾಯುತ್ತಿತ್ತು. ಬೆಳಗಿನವರೆಗೆ ಬಿಟ್ಟರೆ ಕಪ್ಪಾಗುತ್ತದೆ. ಕಣದ ಮೇಲೆ ಹರಡಿದ್ದ ಜವ್ವರಿಸಿಯನ್ನು ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಶಿವರಾತ್ರಿ ಹೊತ್ತಿನ ಮಾಸಿ ತಿಂಗಳ ಬಿಸಿಲು ಆಗಲೇ ಗುಡ್ಡದ ಹಿಂದೆ ಜಾರುತ್ತಿತ್ತು.

ಪೊನ್ನುಸ್ವಾಮಿ ಬಾಣಲೆ ಬಿಟ್ಟು ಬೆವರು ಒರೆಸಿಕೊಳ್ಳುತ್ತಾ ಬಂದ. ಏನಾಯಿತೆಂದು ಕೇಳಿದ. ಅಂಕಮ್ಮ ತನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಮಣ್ಣನ್ನೂ ಅದರೊಳಗಿದ್ದ ಒಂದು ಅಕ್ಕಿಕಾಳನ್ನೂ ತೋರಿಸಿದಳು.

ಅವನು ಬಗ್ಗಿ ನೋಡಿದ. "ತಪ್ಪಾಯ್ತಕ್ಕಾ," ಎಂದ. ಸುತ್ತ ನಿಂತಿದ್ದ ಗಂಡಸರತ್ತ ತಿರುಗಿ, "ಇಂಜಿನ್ ನಿಲ್ಸ್ರಪ್ಪಾ," ಎಂದ.

ಇಂಜಿನ್ ನಿಂತಿತು. ದಿನವಿಡೀ ಕಿವಿಗೆ ಬಡಿಯುತ್ತಿದ್ದ ಸದ್ದು ನಿಂತಾಗ ದೂರದ ಲಾರಿಗಳು ಘಾಟಿ ಹತ್ತುವ ಏದುಸಿರು ಕೇಳತೊಡಗಿತು. ಗೆಣಸಿನ ಹಾಲಿನ ತೊಟ್ಟಿಯವರು, ಬಾಣಲೆಯವರು, ಕಣದವರು ಒಬ್ಬೊಬ್ಬರಾಗಿ ಬಂದು ಹೆಂಗಸರ ಹಿಂದೆ ಕೂತರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಅಂಕಮ್ಮ ಹಿಂತಿರುಗಿ ನೋಡಿದಳು. ಬೋನಸ್ ಮೊದಲು ಎಂದು ತಲೆಯಾಡಿಸಿದ್ದ ಅದೇ ತಲೆಗಳು.

ಸುದ್ದಿ ಹೋಗಿ, ಆಲೆಯ ಒಡೆಯ ಮೊದಲಾಳಿಯ ಕಾರು ಬಂತು. ಅವನು ಕೆಳಗಿಳಿದು ಮೊದಲು ಆಕಾಶ ನೋಡಿದ, ಆಮೇಲೆ ಕಣ ನೋಡಿದ, ಕೊನೆಗೆ ಜನರನ್ನು ನೋಡಿದ. ವ್ಯವಹಾರಸ್ಥ. ಕೂಗಾಡಲಿಲ್ಲ.

"ಪಾಪ, ಬಸುರಿ ಹೆಣ್ಣು. ಮೇಸ್ತ್ರಿ ಮಾಡಿದ್ದು ತಪ್ಪು," ಎಂದ. "ಅವಳನ್ನು ಹಾಗೇ ಕಳಿಸಿ. ನಮ್ಮ ಕಾರಲ್ಲೇ ಬಿಟ್ಟು ಬರಲಿ. ಉಳಿದವರು ದಿನದಂತೆ ಮಾಡಿ ಹೊರಡಿ. ಸರೀನಾ?"

ಹೆಂಗಸರ ನಡುವೆ ಗುಸುಗುಸು ಎದ್ದಿತು. ಚಿನ್ನಕ್ಕನ ಪಾದಗಳು ಊದಿಕೊಂಡಿದ್ದವು. ಅವಳ ಹಟ್ಟಿಗೆ ದೂರದ ದಾರಿ. ಅವಳು ಮಡಿಲು ತುಂಬಿಕೊಂಡು ಕಾರಿನಲ್ಲಿ ಹೋಗುವುದಾದರೆ, ಇಷ್ಟು ಹೊತ್ತು ಕೂತದ್ದು ಅದಕ್ಕಾಗಿಯೇ ಅಲ್ಲವೇ? ಪೊನ್ನುಸ್ವಾಮಿ ಅಂಕಮ್ಮನ ಕಡೆ ನೋಡಿದ. ಅಂಕಮ್ಮ ಚಿನ್ನಕ್ಕನ ಕಡೆ ನೋಡಿದಳು. ಬಸುರಿಯನ್ನು ನೆಲದ ಮೇಲೆ ಕೂರಿಸಿಕೊಂಡು ತಾನು ಹಟ ಹಿಡಿಯುವುದೇ?

"ನೀ ಓಗು ಮಗಾ," ಎಂದಳು. "ನಾವು ನೋಡ್ಕೊತೀವಿ."

ಚಿನ್ನಕ್ಕ ಗೋಣಿಚೀಲಕ್ಕೆ ಕೈಯೂರಿ ಸ್ವಲ್ಪ ನೆಟ್ಟಗೆ ಕೂತಳು. "ನಾ ಆಚೆ ಓಗಿ ನಿಂತು ನೀವೆಲ್ಲಾ ಒದರೋದ ನೋಡ್ಲಾ ದೊಡ್ಡವ್ವ? ನಂಗೆ ಅಕ್ಕಿ ಆಕಿದ ಮಡ್ಲಲ್ವಾ ಅವು?" ಎಂದಳು. ಆಮೇಲೆ ಮೊದಲಾಳಿಯ ಕಡೆ ತಿರುಗಿ, ತಮಿಳಿನಲ್ಲಿ, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವಂತೆ, "ನಾನ್ ಪೋಗಮಾಟ್ಟೇನ್ ಸಾಮಿ," ಎಂದಳು. ನಾನು ಹೋಗುವುದಿಲ್ಲ.

ಮೊದಲಾಳಿಯ ಧ್ವನಿ ಈಗ ಬದಲಾಯಿತು. "ಕೂತವರು ಯಾರೂ ನಾಳೆಯಿಂದ ಬರಬೇಕಾಗಿಲ್ಲ," ಎಂದ.

ಸಣ್ಣಕ್ಕನಿಗೆ ಇದೇ ಮಾತು ಹೇಳಿದಾಗ ಅವಳು ಒಬ್ಬಳೇ ನಿಂತಿದ್ದಳು. ಈಗ ಆ ಮಾತು ಅಷ್ಟು ಜನರ ತಲೆಯ ಮೇಲೆ ಹಾದುಹೋಯಿತು, ಯಾರ ಮೇಲೂ ಬೀಳಲಿಲ್ಲ.

ಪೊನ್ನುಸ್ವಾಮಿ ಎದ್ದು ನಿಂತ. "ಹಂಗಾದ್ರೆ ನಾಳೆ ಬಾಣಲೆಗೆ ಯಾರೂ ಇರಲ್ಲ ಸಾಮಿ, ತೊಟ್ಟಿಗೂ ಯಾರೂ ಇರಲ್ಲ. ಬೋನಸ್ ಮಾತು ಆಮ್ಯಾಲೆ ಆಡೋಣ. ಮೊದ್ಲು ಈ ಗೇಟು. ಇನ್ಮೇಲೆ ಯಾವ ಹೆಂಗಸೂ ಇಲ್ಲಿ ಮಡ್ಲು ಬಿಚ್ಚಲ್ಲ. ಇದನ್ನ ನೀವು ಎಲ್ಲರ ಮುಂದೆ ಹೇಳ್ಬೇಕು."

ಮೊದಲು ಈ ಗೇಟು ಎಂದದ್ದು ಕೇಳಿ ಅಂಕಮ್ಮ ಪಕ್ಕದವಳ ತೊಡೆಗೆ ಒಂದು ಏಟು ಹಾಕಿದಳು, ಸಂತೋಷಕ್ಕೆ.

ಮೊದಲಾಳಿ ಮತ್ತೆ ಕಣದ ಕಡೆ ನೋಡಿದ. ಬೆಳಕು ಕಡಿಮೆಯಾಗುತ್ತಿತ್ತು. ಕಣದ ಜವ್ವರಿಸಿಗೆ ಸಂಘವೂ ಗೊತ್ತಿಲ್ಲ, ಮೊದಲಾಳಿಯೂ ಗೊತ್ತಿಲ್ಲ. ಇಬ್ಬನಿ ಬಿದ್ದರೆ ನೆನೆಯುವುದಷ್ಟೇ ಅದರ ಕೆಲಸ. ಅವನು ಕಾರಿನ ಬಾಗಿಲ ತನಕ ಹೋಗಿ, ಕೈಯಿಟ್ಟು, ಮತ್ತೆ ತಿರುಗಿ ಬಂದ.

"ಸರಿ. ಇನ್ನು ಮೇಲೆ ಗೇಟಿನಲ್ಲಿ ಹೆಂಗಸರನ್ನು ಶೋಧಿಸುವುದಿಲ್ಲ," ಎಂದ. ಆಮೇಲೆ ಮೇಸ್ತ್ರಿಗೆ, "ವಿಟ್ಟುಡುಪ್ಪಾ ಮುತ್ತುಸ್ವಾಮಿ." ಬಿಟ್ಟುಬಿಡಪ್ಪಾ.

"ನಾಳೆ ಯಾರ ಕೆಲ್ಸಾನೂ ಓಗಲ್ವಲ್ಲ ಸಾಮಿ?" ಎಂದಳು ಅಂಕಮ್ಮ, ಕೂತಲ್ಲಿಂದಲೇ.

"ಇಲ್ಲ."

ಆಗ ಅವಳು ಎದ್ದಳು.

ಗಂಡಸರು ಕಣದತ್ತ ಓಡಿದರು. ಇಂಜಿನ್ ಮತ್ತೆ ಗುಡುಗತೊಡಗಿತು. ಗೇಟು ಪೂರ್ತಿ ತೆರೆಯಿತು. ಮುತ್ತುಸ್ವಾಮಿ ಬೆತ್ತವನ್ನು ಸ್ಟೂಲಿನ ಕೆಳಗಿಟ್ಟು, ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಮೊದಲು ಚಿನ್ನಕ್ಕ ಹೋದಳು, ಒಂದು ಕೈ ಗಂಟಿನ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಅವಳ ಹಿಂದೆ ಉಳಿದವರು, ಮದುವೆ ದಿಬ್ಬಣದವರಂತೆ ಗಟ್ಟಿಯಾಗಿ ಮಾತಾಡುತ್ತಾ. ಮುದುಕಿಯೊಬ್ಬಳು ಬೇಕೆಂದೇ ಗೇಟಿನ ನಡುವೆ ನಿಂತು ಎಲೆಯಡಿಕೆ ಮೆದ್ದು ಮುಂದೆ ಹೋದಳು.

ಎಲ್ಲರಿಗಿಂತ ಹಿಂದೆ ಅಂಕಮ್ಮ ಬಂದಳು. ಸ್ಟೂಲಿನ ಹತ್ತಿರ ಬಂದದ್ದೇ ಅವಳ ಕಾಲುಗಳು ನಿಂತವು. ಕೈಗಳು ಅವಳನ್ನು ಕೇಳದೆಯೇ ಸೊಂಟಕ್ಕೆ ಹೋಗಿ, ಮಡಿಲು ಬಿಚ್ಚಿ, ಒಂದು ಸಲ ಒದರಿದವು. ಒಂದು ಅಡಿಕೆ ಹೋಳು ಮೇಸ್ತ್ರಿಯ ಪಾದದ ಬಳಿ ಉರುಳಿತು.

ಆಚೆ ನಿಂತವರು ಗೊಳ್ಳೆಂದು ನಕ್ಕರು. "ಅಯ್ಯೋ ದೊಡ್ಡವ್ವ, ಇಷ್ಟೆಲ್ಲಾ ಮಾಡಿ ನೀನೇ ಒದರಿದ್ಯಲ್ಲಾ!" ಎಂದು ಚಿನ್ನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಂಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಒಂದು ಕ್ಷಣ ಅವಳ ಕಣ್ಣು ತುಂಬಿತು. ಮರುಕ್ಷಣ ಅವಳೂ ನಕ್ಕುಬಿಟ್ಟಳು.

"ನಿಲ್ರೇ. ಇದು ಲೆಕ್ಕಕ್ಕಿಲ್ಲ," ಎಂದಳು.

ಅವಳು ತಿರುಗಿ ಒಳಗೆ ನಡೆದಳು. ಸುಲಿಯುವ ಜಾಗದ ತನಕ ಹೋಗಿ, ಸೆರಗು ಬಿಗಿಯಾಗಿ ಸುತ್ತಿ ಸಿಕ್ಕಿಸಿ, ಅಲ್ಲಿಂದ ಮತ್ತೆ ಹೊರಟಳು. ಅವಸರವಿಲ್ಲದೆ, ಎರಡೂ ಕೈ ಬೀಸಿಕೊಂಡು, ಗೇಟು ದಾಟಿ ರಸ್ತೆಗೆ ಬಂದಳು.